ಪೈಲ್ವಾನ್ ಚೌರಪ್ಪನ ಕಾಲಿನ ಕೆಸರು

ಪೂಜ್ಯ ಇನ್ನಾಸಿ ಸ್ವಾಮಿಗಳು ಸೂಸೆಯಪ್ಪನ ಕೊಪ್ಪಲಿನಲ್ಲಿ ಗುರುಗಳಾಗಿದ್ದ ಕಾಲದಲ್ಲಿ ಅವರ ವಾಸ ದೇವಾಲಯದ ಬೆನ್ನಿಗೆ ಅಂಟಿಕೊಂಡಿದ್ದ ಒಂದೇ ಕೋಣೆಯಲ್ಲಿತ್ತು. ನಾಡಹೆಂಚಿನ ಮಾಡು, ಹಗ್ಗದ ಮಂಚ, ಒಂದು ಕಾಲು ಗಿಡ್ಡವಾಗಿ ಇಟ್ಟಿಗೆಯ ಮೇಲೆ ನಿಂತ ಮೇಜು, ಗೋಡೆಯ ಮೇಲೊಂದು ಮರದ ಶಿಲುಬೆ. ಬಾಗಿಲಿಗೆ ಅಗುಳಿ ಇರಲಿಲ್ಲ. ಇದ್ದ ಅಗುಳಿಯನ್ನು ಪಕ್ಕದ ಮನೆಯ ಆಡು ಗುದ್ದಿ ಕಿತ್ತುಹಾಕಿದ ಮೇಲೆ ಸ್ವಾಮಿಗಳು ಹೊಸದನ್ನು ಹಾಕಿಸುವ ಗೋಜಿಗೆ ಹೋಗಲಿಲ್ಲ. ಆಡು ಮಾತ್ರ ತನ್ನ ಹಕ್ಕಿನಂತೆ ಒಳಗೆ ಬಂದು ಹೋಗುತ್ತಿತ್ತು.

ಸ್ವಾಮಿಗಳು ದೊಡ್ಡ ಪ್ರವಚನಕಾರರಲ್ಲ. ಬಲಿಪೂಜೆಯಲ್ಲಿ ಅವರ ಉಪದೇಶ ಮುಗಿದದ್ದೇ ಎಷ್ಟೋ ಜನಕ್ಕೆ ತಿಳಿಯುತ್ತಿರಲಿಲ್ಲ, ಅಷ್ಟು ಚಿಕ್ಕದು. ಆದರೂ ಸುತ್ತಲ ಹಳ್ಳಿಗಳಲ್ಲಿ ಅವರ ಹೆಸರು ಹಬ್ಬಿದ್ದು ಒಂದು ಕಾರಣಕ್ಕೆ. ಅವರ ಮುಖದಲ್ಲಿ, ಕಣ್ಣಿನ ಕೊನೆಯಲ್ಲಿ, ಒಂದು ಸಣ್ಣ ನಗು ಸದಾ ಕೂತಿರುತ್ತಿತ್ತು. ಮಳೆ ಹೋದ ವರ್ಷದಲ್ಲೂ ಅದು ಇತ್ತು, ಊರಿಗೆ ಸಿಡುಬು ಬಂದು ಅವರೇ ಹೆಣಗಳನ್ನು ಹೊತ್ತ ವರ್ಷದಲ್ಲೂ ಇತ್ತು ಎಂದು ಹಿರಿಯರು ಹೇಳುತ್ತಿದ್ದರು.

ಈ ನಗುವನ್ನು ನಂಬದವನೊಬ್ಬ ಒಂದು ವರ್ಷ, ಪಾಸ್ಕ ಹಬ್ಬಕ್ಕೆ ಮುಂಚಿನ ಉಪವಾಸದ ತಪಸ್ಸುಕಾಲದಲ್ಲಿ, ಊರಿಗೆ ಬಂದ. ಅವನೇ ಪೈಲ್ವಾನ್ ಚೌರಪ್ಪ.

ಕೂಸಾಗಿದ್ದಾಗ ಚೌರಪ್ಪನಿಗೆ ದೀಕ್ಷಾಸ್ನಾನವಾದದ್ದು ಇದೇ ಊರಿನ ದೇವಾಲಯದಲ್ಲಿ. ಮೀಸೆ ಚಿಗುರುವ ಮೊದಲೇ ಮೈಸೂರಿನ ಗರಡಿ ಸೇರಿದವನು ಮತ್ತೆ ದೇವಾಲಯದ ಹೊಸ್ತಿಲು ತುಳಿದಿರಲಿಲ್ಲ. ದಸರಾ ಕುಸ್ತಿಯಲ್ಲಿ ಅವನಿಗೆ ಎದುರಾಳಿ ಹುಡುಕುವುದೇ ಕಷ್ಟವಾಗುತ್ತಿದ್ದ ಕಾಲವೊಂದಿತ್ತು. ಬೆಳ್ಳಿ ಗದೆ ಗೆದ್ದಿದ್ದ, ತೆರೆದ ಗಾಡಿಯಲ್ಲಿ ಹಾರ ಹಾಕಿಸಿಕೊಂಡು ಮೆರೆದಿದ್ದ. ಆದರೆ ಅವನು ಯಾರಿಗೂ ಹೇಳದ ಒಂದು ಮಾತಿತ್ತು. ಗೆದ್ದ ಖುಷಿ ಅವನಲ್ಲಿ ಹಾರದ ಹೂವು ಬಾಡುವವರೆಗೂ ನಿಲ್ಲುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಎಲ್ಲ ಖಾಲಿ. ಮುಂದಿನ ಕುಸ್ತಿ ಗೆದ್ದರೆ ನಿಂತೀತು ಎಂದುಕೊಂಡು ಮತ್ತೆ ಅಖಾಡಕ್ಕೆ ಇಳಿಯುತ್ತಿದ್ದ. ಕೊನೆಗೊಂದು ದಿನ ಬಲಗಾಲಿನ ಮಂಡಿ ಮುರಿಯಿತು. ಕೂಡಿಕೊಂಡಿತು, ಮಡಚಲು ಬರದಂತೆ. ಈಗ ಗೆಲ್ಲುವುದಕ್ಕೂ ಏನೂ ಉಳಿಯದೆ, ಬೆಳಗಾದರೆ ಯಾಕೆ ಏಳಬೇಕೆಂದು ತಿಳಿಯದೆ, ಅಕ್ಕ ಫಿಲೋಮಿನಳ ಮನೆಯ ಜಗುಲಿಗೆ ಬಂದು ಬಿದ್ದಿದ್ದ. ಕರೆದರೆ ಊಟ, ಕರೆಯದಿದ್ದರೆ ಅದೂ ಇಲ್ಲ. ತಮ್ಮ ಹೀಗೇ ಕರಗಿ ಹೋಗುತ್ತಾನೆಂದು ಅಕ್ಕ ಹೆದರಿದ್ದಳು.

ಅವನನ್ನು ಜಗುಲಿಯಿಂದ ಎಬ್ಬಿಸಿದ್ದು ಕುತೂಹಲ. ಎದುರಿನ ದಾರಿಯಲ್ಲಿ ದಿನಾ ಓಡಾಡುವ ಆ ಮುದುಕ ಗುರುಗಳ ನಗು ಅವನಿಗೆ ಮೊದಲು ಸಿಟ್ಟು ತರಿಸಿತು, ಆಮೇಲೆ ತಲೆ ಕೊರೆಯತೊಡಗಿತು. ಒಂದು ಬೆಳಿಗ್ಗೆ ಕಾಲೆಳೆದುಕೊಂಡು ಹೋಗಿ, ನುಗ್ಗೆಗಿಡಕ್ಕೆ ನೀರು ಹಾಕುತ್ತಿದ್ದ ಸ್ವಾಮಿಗಳ ಮುಂದೆ ನಿಂತೇಬಿಟ್ಟ.

"ಸ್ವಾಮಿ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ನಿಮ್ಮ ಸಂತೋಷ ಐತಲ್ಲ, ಇದು ಎಷ್ಟು ದಿನ ಬಾಳ್ತದೆ?"

ಸ್ವಾಮಿಗಳು ತಂಬಿಗೆ ಕೆಳಗಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೋಡ್ತಾ ಇರಪ್ಪ" ಎಂದರು. ಮತ್ತೆ ನೀರು ಹಾಕಲು ಹೋದರು.

ಬೇರೆಯವರಾಗಿದ್ದರೆ ಇದನ್ನು ಹಾರಿಕೆಯ ಉತ್ತರವೆಂದು ಬಿಡುತ್ತಿದ್ದರು. ಚೌರಪ್ಪ ಕುಸ್ತಿಯವನು, ಇದನ್ನು ಸವಾಲೆಂದೇ ಹಿಡಿದ. ಜನರೆದುರು ಯಾರು ಬೇಕಾದರೂ ನಗಬಹುದು. ಒಬ್ಬರೇ ಇದ್ದಾಗ, ಯಾರ ಕಣ್ಣೂ ಇಲ್ಲದಾಗ, ಆ ಮುಖ ಹೇಗಿರುತ್ತದೆ? ಅದನ್ನು ಹಿಡಿಯಬೇಕು ಎಂದು ಅವನು ನಿಶ್ಚಯಿಸಿದ. ಅಂದಿನಿಂದ ಸ್ವಾಮಿಗಳು ಎಲ್ಲಿ ಹೋದರೆ ಅಲ್ಲಿ, ಬೇಲಿಯ ಹಿಂದೋ ಮರದ ಮರೆಯಲ್ಲೋ, ಚೌರಪ್ಪ ಹಾಜರು. ಆನೆಯಂಥ ಆಳು ಎಷ್ಟು ಅಡಗಿಯಾನು ಎಂಬುದು ಬೇರೆ ಮಾತು. ಫಿಲೋಮಿನಳಿಗೆ ಇದೊಂದೂ ಅರ್ಥವಾಗಲಿಲ್ಲ, ತಮ್ಮ ಹೊತ್ತಿಗೆ ಸರಿಯಾಗಿ ಎದ್ದು ಅಂಬಲಿ ಕುಡಿದು ಹೊರಡುತ್ತಾನಲ್ಲ, ಅಷ್ಟೇ ಸಾಕಾಗಿತ್ತು.

ಒಂದು ಸಂಜೆ ಸಿಕ್ಕರು ಎಂದುಕೊಂಡ. ಸಮಾಧಿ ತೋಟದಲ್ಲಿ, ಹೊಸದಾಗಿ ಮಣ್ಣು ಮಾಡಿದ್ದ ಕೂಸಿನ ಗುಡ್ಡೆಯ ಪಕ್ಕ ಕೂತು ಸ್ವಾಮಿಗಳು ಅಳುತ್ತಿದ್ದರು. ಸಣ್ಣ ಅಳುವಲ್ಲ, ಭುಜ ಕುಲುಕುವ ಅಳು. ಚೌರಪ್ಪನಿಗೆ ಎದುರಾಳಿಯ ಬೆನ್ನು ನೆಲಕ್ಕೆ ತಾಗಿದಷ್ಟು ಸಮಾಧಾನವಾಯಿತು. ಆದರೆ ಅತ್ತು ಮುಗಿದ ಮೇಲೆ ಅವರು ಆಕಾಶದ ಕಡೆ ಮುಖವೆತ್ತಿ, "ಕೂಸು ನಿನ್ನ ಕೈಲಿ ಐತೆ, ಜೋಪಾನ" ಎಂದರು. ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ. ಆ ಒದ್ದೆ ಮುಖದಲ್ಲಿ ಕಣ್ಣಿನ ಕೊನೆಯ ಆ ನಗು ಹೋಗಿರಲಿಲ್ಲ. ಎದ್ದು ಮೂಗು ಒರೆಸಿಕೊಂಡು, ಕೂಸಿನ ತಾಯಿಯ ಮನೆಗೆ ನೀರು ಸೇದಿ ಹಾಕಲು ಹೋದರು. ಚೌರಪ್ಪ ಬೇಲಿಯ ಹಿಂದೆ ತಲೆ ಕೆರೆದುಕೊಂಡು ನಿಂತ. ಅಳುವಿನ ಒಳಗೂ ಉಳಿಯುವಂಥದ್ದು ನಗುವೇ ಆಗಿದ್ದರೆ, ಅದು ಎಂಥ ನಗು?

ಹೀಗೆ ಪವಿತ್ರ ಗುರುವಾರ ಬಂತು.

ಆ ದಿನ ಯೇಸುಸ್ವಾಮಿ ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ ಗುರುಗಳು ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರಷ್ಟೆ. ಕೊಪ್ಪಲಿನಲ್ಲಿ ಶಿಷ್ಯರಾಗಿ ಕೂರುವುದೆಂದರೆ ದೊಡ್ಡ ಮರ್ಯಾದೆ. ಆಯ್ಕೆ ಮಾಡುತ್ತಿದ್ದವರು ಉಪದೇಶಿ ರಾಯಪ್ಪನವರು, ದೇವಾಲಯದ ಕೆಲಸಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಶಿಸ್ತಿನ ಮನುಷ್ಯ. ಆಯ್ಕೆಯಾದವರು ಮಧ್ಯಾಹ್ನದಿಂದಲೇ ಕಾಲು ಉಜ್ಜಲು ಕೂರುತ್ತಿದ್ದರು. ಸೀಗೇಕಾಯಿ, ಇಟ್ಟಿಗೆ ಚೂರು, ಆಮೇಲೆ ಕೊಬ್ಬರಿ ಎಣ್ಣೆ. ಸ್ವಾಮಿಗಳ ಕೈಗೆ ಕೊಳೆ ಕಾಲು ಕೊಡುವುದುಂಟೇ ಎಂಬುದು ಅವರ ಭಕ್ತಿ. ದಾರಿಯ ಧೂಳು ತಾಗೀತೆಂದು ಕೆಲವರು ಎತ್ತಿನ ಗಾಡಿಯಲ್ಲಿ ಬರುತ್ತಿದ್ದರು. ಹಾಗಾಗಿ ಪ್ರತಿ ವರ್ಷವೂ ಬೋಗುಣಿಗೆ ಬಿದ್ದ ನೀರು ಹೇಗೆ ಬಿತ್ತೋ ಹಾಗೇ ತಿಳಿಯಾಗಿ ಹೊರಗೆ ಹೋಗುತ್ತಿತ್ತು. ಇದರಲ್ಲಿ ಏನೋ ಎಡವಟ್ಟಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಆ ಮಧ್ಯಾಹ್ನ ಸ್ವಾಮಿಗಳು ಕೆರೆಯ ಆಚೆಯ ಗುಡಿಸಲಿಗೆ ಹೊರಟರು. ಅಲ್ಲಿ ಮದಲೇನಮ್ಮನೆಂಬ ಮುದುಕಿ ಹಾಸಿಗೆ ಹಿಡಿದಿದ್ದಳು. ಸ್ವಾಮಿಗಳು ಏರಿಯ ಮೇಲೆ ನಡೆದರೆ, ಕಾಣಿಸಿಕೊಳ್ಳಬಾರದೆಂದು ಚೌರಪ್ಪ ಏರಿಯ ಕೆಳಗೆ, ನೀರು ಇಳಿದ ಕೆರೆಯ ಅಂಗಳದಲ್ಲಿ ಜೊಂಡಿನ ನಡುವೆ ನಡೆದ. ಕರಿಗೆಸರು. ಮಡಚದ ಕಾಲನ್ನು ಎರಡು ಕೈಯಿಂದ ಕಿತ್ತು ಕಿತ್ತು ಇಡುತ್ತ, ಗುಡಿಸಲಿನ ಗೋಡೆಯ ಬಿರುಕಿಗೆ ಕಣ್ಣಿಟ್ಟ.

ಒಳಗೆ ಸ್ವಾಮಿಗಳು ಮುದುಕಿಗೆ ಗಂಜಿ ಕುಡಿಸುತ್ತಿದ್ದರು. ಮುದುಕಿ ಬೈಯುತ್ತಿದ್ದಳು. "ಉಪ್ಪಿಲ್ಲ, ಸಪ್ಪೆ. ನಿಮಗೇನು ಗೊತ್ತಾಯ್ತದೆ, ಮನೆ ಮಾಡಿದ್ದೀರಾ ಮಠ ಮಾಡಿದ್ದೀರಾ?" ಎಂದು ಬಟ್ಟಲನ್ನು ತಳ್ಳಿದಳು. ಗಂಜಿಯೆಲ್ಲ ಅವರ ನಿಲುವಂಗಿಯ ಮೇಲೆ. ಸ್ವಾಮಿಗಳು ಒರೆಸಿಕೊಳ್ಳಲು ಗೋಡೆಯ ಕಡೆ ತಿರುಗಿದರು, ಮುಖ ನೇರ ಬಿರುಕಿನ ಎದುರಿಗೆ ಬಂತು. ಸದ್ದಿಲ್ಲದೆ ನಗುತ್ತಿದ್ದರು. ಒಲೆಯ ಬಳಿ ಹೋಗಿ ಇನ್ನೊಂದು ಬಟ್ಟಲು ಗಂಜಿಗೆ ಉಪ್ಪು ಹಾಕಿದರು. ಇಷ್ಟು ಹತ್ತಿರದಿಂದ ನೋಡಿಯೂ ಚೌರಪ್ಪನಿಗೆ ಗುಟ್ಟು ದಕ್ಕಲಿಲ್ಲ. ತನ್ನ ಇಡೀ ಬಾಳಿನಲ್ಲಿ ಸಿಗದ್ದು ಈ ಮನುಷ್ಯನಿಗೆ ಗಂಜಿ ಮೈಮೇಲೆ ಚೆಲ್ಲಿದಾಗಲೂ ಸಿಗುತ್ತದಲ್ಲ.

ಸಂಜೆ ಸ್ವಾಮಿಗಳ ಹಿಂದೆಯೇ ಅವನೂ ದೇವಾಲಯಕ್ಕೆ ಬಂದಾಗ ಅಲ್ಲಿ ಗಲಿಬಿಲಿ. ಹನ್ನೆರಡನೆಯ ಶಿಷ್ಯರಾಗಬೇಕಿದ್ದ ಅಂತೋಣಪ್ಪನವರು ಒಗೆಯುವ ಕಲ್ಲಿನ ಮೇಲೆ ನಿಂತು ಕಾಲುಜ್ಜುವಾಗ ಜಾರಿ ಬಿದ್ದು, ಪಾದ ಉಳುಕಿಸಿಕೊಂಡು ಮಲಗಿದ್ದರು. ಉಪದೇಶಿಯವರು ಕಣ್ಣಾಡಿಸಿದರು. ಹಿಂದೆ ಕಂಬಕ್ಕೆ ಒರಗಿ ನಿಂತ ಚೌರಪ್ಪ ಕಂಡ, ಮುಖವಷ್ಟೇ ಕಂಡಿತು. ಕೈ ಹಿಡಿದು ಎಳೆದು ತಂದು ಕೊನೆಯ ಕುರ್ಚಿಯಲ್ಲಿ ಕೂರಿಸಿದರು. ಕೂತ ಮೇಲೆ ಕೆಳಗೆ ನೋಡಿದರು.

"ಏನಯ್ಯ ಇದು" ಎಂದರು, ಮೆತ್ತಗೆ.

ಮೊಣಕಾಲಿನವರೆಗೆ ಕೆರೆಯ ಕೆಸರು ಒಣಗಿ ಬಿರಿದಿತ್ತು. ಹನ್ನೊಂದು ಜೊತೆ ಕಾಲುಗಳು ಎಣ್ಣೆಯಲ್ಲಿ ಮಿನುಗುತ್ತಿದ್ದವು. ಚೌರಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಎದ್ದು ಹೋಗೋಣವೆಂದರೆ ಸ್ವಾಮಿಗಳು ಆಗಲೇ ಸೊಂಟಕ್ಕೆ ವಸ್ತ್ರ ಕಟ್ಟಿ ಮೊದಲನೆಯವರ ಮುಂದೆ ಮೊಣಕಾಲೂರಿದ್ದರು. ಒಬ್ಬೊಬ್ಬರನ್ನೇ ಮುಗಿಸುತ್ತ ಬಂದರು. ತಿಳಿನೀರು.

ಅವನ ಮುಂದೆ ಬಂದು ಕೂತವರು ಆ ಕಾಲುಗಳನ್ನು ನೋಡಿದರು. ಚೌರಪ್ಪ ಎಡಗಾಲು ಹಿಂದಕ್ಕೆಳೆದ.

"ಬ್ಯಾಡಿ ಸ್ವಾಮಿ, ಇವು ಕೊಳೆ ಕಾಲು" ಎಂದ.

"ನನ್ನ ಹಿಂದೆ ನಡೆದು ಆದ ಕೊಳೆ ಇದು" ಎಂದರು ಸ್ವಾಮಿಗಳು, ಅವನಿಗಷ್ಟೇ ಕೇಳುವಂತೆ. "ನಾನೇ ತೊಳೀಬೇಕು."

ಕೆಸರು ಬೇಗ ಬಿಡಲಿಲ್ಲ. ಸ್ವಾಮಿಗಳು ತೋಳು ಏರಿಸಿ ಉಜ್ಜಿದರು, ಬೆರಳ ಸಂದಿನಿಂದ ಜೊಂಡಿನ ನಾರು ಬಿಡಿಸಿದರು. ನೀರು ಕಪ್ಪಾಯಿತು. ಉಪದೇಶಿಯವರು ಬೋಗುಣಿ ಹೊತ್ತು ಹೋಗಿ ಬದಲಾಯಿಸಿ ತಂದರು, ಅದೂ ಕಪ್ಪಾಯಿತು. ಜನ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅವರಿಗೆ ಕಂಡದ್ದು ಸ್ವಾಮಿಗಳ ಬೆನ್ನು ಮಾತ್ರ. ತಲೆ ಬಗ್ಗಿಸಿದ್ದ ಆ ಮುಖ ಕಾಣುತ್ತಿದ್ದದ್ದು ಕುರ್ಚಿಯಲ್ಲಿ ಕೂತಿದ್ದ ಒಬ್ಬನಿಗೆ. ದಿನಗಟ್ಟಲೆ ಬೇಲಿಯ ಹಿಂದೆ ಕಾದದ್ದು ಈಗ ಒಂದು ಮೊಳ ದೂರದಲ್ಲಿತ್ತು.

ಆ ಮುಖದಲ್ಲಿ ಚೌರಪ್ಪ ಅಷ್ಟು ಸಂತೋಷವನ್ನು ಎಂದೂ ಕಂಡಿರಲಿಲ್ಲ. ಬಹು ದಿನ ಕಾದು ಕೆಲಸ ಸಿಕ್ಕಿದ ಮನುಷ್ಯನ ಮುಖ ಅದು.

"ಎಲ್ಲಿಂದ ಬರ್ತದೆ ಸ್ವಾಮಿ ಇದು?" ಎಂದು ಕೇಳಿದ. ಕೇಳಬೇಕೆಂದಿದ್ದದ್ದು ಮೊದಲಿನಿಂದಲೂ ಇದೇ ಎಂದು ಅವನಿಗೆ ಆಗ ತಿಳಿಯಿತು.

ಸ್ವಾಮಿಗಳು ಮಡಚದ ಆ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದರು.

"ಯೇಸುಸ್ವಾಮಿ ನನ್ನ ಕಾಲು ತೊಳೆದವನೆ. ಇದಕ್ಕಿಂತ ಕೊಳೆಯಾಗಿತ್ತು" ಎಂದರು. "ಮರೆಯೋಕೆ ಆಗ್ತಿಲ್ಲ, ಅಷ್ಟೆ."

ಕಾಲಿಗೆ ಮುತ್ತಿಟ್ಟು ಎದ್ದರು.

ಚೌರಪ್ಪ ಆ ರಾತ್ರಿ ಊಟಕ್ಕೆ ಕೂತಾಗ, ಅಭ್ಯಾಸದಂತೆ, ಒಳಗೆ ಖಾಲಿಯಾಯಿತೇ ಎಂದು ತಡವಿ ನೋಡಿಕೊಂಡ. ಆಗಿರಲಿಲ್ಲ. ಬೆಳಿಗ್ಗೆ ನೋಡಿಕೊಂಡ, ಆಗಲೂ ಇತ್ತು. ಶುಭ ಶುಕ್ರವಾರದ ಮೌನದಲ್ಲಿ ಶಿಲುಬೆಯ ಮುಂದೆ ನಿಂತು, ಮಂಡಿಯೂರಲಾಗದ ಕಾಲಿನಿಂದ ನಿಂತೇ ಪ್ರಾರ್ಥಿಸಿದ. ಯೇಸುಸ್ವಾಮಿ ಎದ್ದುಬಂದ ಪಾಸ್ಕ ಹಬ್ಬ ಕಳೆದ ಮರುದಿನ ಸ್ವಾಮಿಗಳು ಏರಿ ಹತ್ತಿದಾಗ ಅವನು ಕೆಳಗೆ ಕೆಸರಿನಲ್ಲಿರಲಿಲ್ಲ, ಗಂಜಿಯ ಪಾತ್ರೆ ಹಿಡಿದು ಪಕ್ಕದಲ್ಲಿದ್ದ. ಮದಲೇನಮ್ಮನನ್ನು ಹಾಸಿಗೆಯಿಂದ ಎತ್ತಿ ಬಿಸಿಲಿಗೆ ಕೂರಿಸಿದ. ಗಂಡಸರನ್ನು ಎತ್ತಿ ಎಸೆಯಲು ಕಲಿತಿದ್ದ ಪಟ್ಟುಗಳನ್ನೇ ನಿಧಾನವಾಗಿ ಹಾಕಿದರೆ ನೋವಾಗದಂತೆ ಎತ್ತಬಹುದೆಂದು ಅವನಿಗೆ ಗೊತ್ತಾಯಿತು. ಮುದುಕಿ ಅವನನ್ನೂ ಬೈದಳು. ಮುಂದೆ ಆ ಸೀಮೆಯಲ್ಲಿ ಹಾಸಿಗೆ ಹಿಡಿದವರ ಮನೆಯಿಂದ ಮೊದಲು ಕರೆ ಬರುತ್ತಿದ್ದದ್ದು ಚೌರಪ್ಪನಿಗೆ.

ವರ್ಷಗಳು ಉರುಳಿ ಸ್ವಾಮಿಗಳೇ ಹಗ್ಗದ ಮಂಚ ಹಿಡಿದರು. ಆ ವರ್ಷದ ಪವಿತ್ರ ಗುರುವಾರಕ್ಕೆ ಬೇರೆ ಗುರುಗಳು ಬಂದಿದ್ದರು. ಮಧ್ಯಾಹ್ನ ಊರಿನ ಹಿರಿಯರೆಲ್ಲ ಕಾಲುಜ್ಜಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಚೌರಪ್ಪ ಬೋಗುಣಿ ಹಿಡಿದು ಅಗುಳಿಯಿಲ್ಲದ ಬಾಗಿಲು ತಳ್ಳಿ ಒಳಗೆ ಬಂದ. ಬಲಗಾಲನ್ನು ಪಕ್ಕಕ್ಕೆ ಚಾಚಿ, ಎಡಮಂಡಿಯೂರಿ ಹೇಗೋ ನೆಲಕ್ಕೆ ಕೂತು, ಸ್ವಾಮಿಗಳ ಒಣಗಿದ ಪಾದವನ್ನು ಕೈಗೆ ತೆಗೆದುಕೊಂಡ. ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಮುಖ ಕಾಣುತ್ತಿದ್ದದ್ದು ಮಂಚದಲ್ಲಿ ಒರಗಿದ್ದವರಿಗೆ. ಅವರು ಅವನ ಕಣ್ಣಿನ ಕೊನೆಯನ್ನೇ ನೋಡಿದರು.

"ಸಿಕ್ಕಿಬಿದ್ದೆಯಲ್ಲೋ ಚೌರಪ್ಪ" ಎಂದರು.

ಚೌರಪ್ಪ ಮುಖ ಮರೆಸಿಕೊಳ್ಳಲಿಲ್ಲ. ಇನ್ನೊಂದು ಕಾಲು ಬಾಕಿ ಇತ್ತು.