ಬೇಗ ಕಾಲು ಬಂದ ಗೊದಮೊಟ್ಟೆ

ಮಳೆನೀರಿನ ಹೊಂಡವೊಂದರ ಗೊದಮೊಟ್ಟೆಗಳಲ್ಲಿ ಒಂದಕ್ಕೆ ಮಾತ್ರ ಎಲ್ಲಕ್ಕಿಂತ ಮೊದಲೇ ಕಾಲು ಮೂಡಿತು. ತಾಯಿಕಪ್ಪೆ ಹಿಗ್ಗಿ, ಹಿರಿಯರನ್ನು ಕೂಡಿಸಿ, "ಇದನ್ನು ಯಾವ ತರಗತಿಗೆ ಸೇರಿಸಲಿ?" ಎಂದು ಕೇಳಿತು.

"ಬಾಲ ಉದುರಿದವರ ಜೊತೆ ಕೂರಿಸು" ಎಂದಿತು ಒಂದು ಕಪ್ಪೆ.

"ಛೆ, ಎಳೆಯದು, ಹೆದರೀತು! ಎಲ್ಲರಿಗೂ ಕಾಲು ಬರುವ ತನಕ ಇದೂ ಕಾಲು ಮಡಚಿಕೊಂಡೇ ಈಜಲಿ" ಎಂದಿತು ಇನ್ನೊಂದು.

"ಅಜ್ಜಾ, ನೀರು ಇಳೀತಿದೆ. ನಾನೊಂದು ಸಲ ಕುಪ್ಪಳಿಸಿ ನೋಡಲಾ?" ಎಂದಿತು ಮರಿ.

"ಬಾಯಿ ಮುಚ್ಚು! ನಿನ್ನ ಭವಿಷ್ಯದ ಮಾತು ನಡೆಯುವಾಗ ನೀನ್ಯಾಕೆ ನಡುವೆ ಬಾಯಿ ಹಾಕ್ತೀಯ?" ಎಂದು ಮುದಿಗಪ್ಪೆ ಗದರಿತು.

ಚರ್ಚೆ ಮುಗಿಯುವಷ್ಟರಲ್ಲಿ ಹೊಂಡ ಬರೀ ಕೆಸರಾಗಿತ್ತು. ಮರಿ ಪಕ್ಕದ ಕೆರೆ ಸೇರಿ ಆಗಿತ್ತು.

ಮರಿಯ ಖಾಲಿ ಜಾಗ ನೋಡಿ ಮುದಿಗಪ್ಪೆ ತೀರ್ಪು ಕೊಟ್ಟಿತು: "ಕೂತು ಕೇಳುವ ಬುದ್ಧಿಯೇ ಇಲ್ಲ. ಇನ್ನೊಂದು ವರ್ಷ ಇದೇ ತರಗತಿಯಲ್ಲಿರಲಿ."