ಅಗಸೆ ಹಿಂಡಿಯ ಗಂಟು

ಹೊಳೆಯ ನಡುವೆ ಒಂದು ಗಡ್ಡೆ. ಗಡ್ಡೆಯ ಮೇಲೊಂದು ಗುಡಿಸಲು. ಗುಡಿಸಲಲ್ಲೊಬ್ಬ ಗುರು. ಜನ ಅವರನ್ನು ಗಡ್ಡೆಯ ಅಜ್ಜ ಎನ್ನುತ್ತಿದ್ದರು. ಗಡ್ಡ ಮಾತ್ರ ಇರಲಿಲ್ಲ.

ಈ ಕಥೆಯನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಹೊಳೆಯ ಎರಡೂ ದಂಡೆಯಲ್ಲಿ ಇಲ್ಲ. ನಡುನೀರಿನಲ್ಲಿ ಒಂದು ಮೊಸಳೆ ಹೇಳುತ್ತಿತ್ತಂತೆ. ನನ್ನ ಬಾಯಿಂದ ಒಮ್ಮೆ ಕೇಳಿದ ಮೇಲೆ ಅದೂ ಬಿಟ್ಟುಬಿಟ್ಟಿತು.

ಆ ಗಡ್ಡೆಯಲ್ಲಿ ಎಲ್ಲವೂ ನಿಧಾನ. ಎಷ್ಟು ನಿಧಾನವೆಂದರೆ, ಅಲ್ಲಿ ಆಮೆಗೆ ಅವಸರಗೇಡಿ ಎಂದು ಕೆಟ್ಟ ಹೆಸರು. ಬೆಳಗಿನ ಕೋಳಿ ಮಧ್ಯಾಹ್ನ ಕೂಗುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ.

ಅಂಥ ಜಾಗಕ್ಕೆ ಒಂದು ಬೇಸಿಗೆಯಲ್ಲಿ ಗಂಡ ಹೆಂಡತಿ ಬಂದಿಳಿದರು. ಗುರುಪಾದಪ್ಪ, ಬಾಳವ್ವ. ದೇಶ ತಿರುಗಲು ಮನೆ ಬಿಟ್ಟ ಮೇಲೆ ಅವರಿಗೆ ಅದು ಎರಡನೇ ಬೇಸಿಗೆ.

ಗುರುಪಾದಪ್ಪನ ಮೀಸೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಹೊರಡುವ ದಿನ ಊರ ಕಟ್ಟೆಯ ಮೇಲೆ ನಿಂತು ಅದನ್ನೇ ಪಣಕ್ಕಿಟ್ಟಿದ್ದ.

“ಕಾಲೂರಿದ್ದೇ ಊರು ನನಗ! ಊರು ನೆನಪಾತು ಅಂತ ತಿರುಗಿ ಬಂದ್ರ ಈ ಮೀಸಿ ಬೋಳಿಸ್ರಿ!”

ಅಜ್ಜನ ಮುಂದೆಯೂ ಅದೇ ಮಾತು.

“ಅಜ್ಜಾರ, ನನ್ನ ಶಿಷ್ಯನ್ನ ಮಾಡ್ಕೋರಿ. ಕಾಲೂರಿದ್ದೇ ಊರು ಅನ್ನೋ ಮನಶಾ ನಾ. ಇಕಿಗೇ ನೋಡ್ರಿ ಊರಿನ ಹುಚ್ಚು.”

ಬಾಳವ್ವ ತಲೆ ತಗ್ಗಿಸಿದಳು. ದಾರಿಯ ಎಲ್ಲ ಛತ್ರಗಳಲ್ಲೂ, ಎಲ್ಲ ಮಠಗಳಲ್ಲೂ ಈ ಮಾತು ಬಂದಾಗ ಅವಳು ತಲೆ ತಗ್ಗಿಸುತ್ತಲೇ ಬಂದಿದ್ದಳು.

“ಆತು. ಉಪದೇಶ ಆಮ್ಯಾಲೆ. ಮೊದಲು ಕುಡಿಯಾಕ ನೀರು ತಾ,” ಎಂದರು ಅಜ್ಜ.

ಗುರುಪಾದಪ್ಪ ಹೊಳೆಗೆ ಓಡಿ ಕೊಡ ತುಂಬಿ ತಂದ. ಅಜ್ಜ ಅದನ್ನು ಬದನೆ ಗಿಡಕ್ಕೆ ಸುರಿದರು.

“ಹೊಳಿ ನೀರಲ್ಲೋ ತಮ್ಮಾ. ಒರತಿ ನೀರು.”

ಅವನು ಹೋಗಿ ಮರಳಲ್ಲಿ ಗುಂಡಿ ತೋಡಿದ. ತಳದಲ್ಲಿ ಒಂದಿಷ್ಟು ತೇವ ಕಂಡಿತು. ಕಂಡದ್ದೇ ತಡ, ಚಿಪ್ಪಿನಿಂದ ಬಳಿದು ಬಳಿದು ಕೊಡ ತುಂಬಿದ. ಅಜ್ಜ ಅದನ್ನೂ ಗಿಡಕ್ಕೆ ಸುರಿದರು.

“ರಾಡಿ.”

“ಮತ್ತ ಹೆಂಗ ತರೋದ್ರಿ?”

“ಊರೂತನಕ ಕುಂಡ್ರಬೇಕು.”

ಆದರೆ ಕೂರುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಗುರುಪಾದಪ್ಪನಿಗೆ ಬರುತ್ತಿತ್ತು. ಸುಮ್ಮನೆ ಕೂತರೆ ಸಾಕು, ಊರು ಎದ್ದು ಬರುತ್ತಿತ್ತು. ಪಕ್ಕದ ಮನೆಯವರು ರೊಟ್ಟಿ ಬಡಿಯುವ ಸಪ್ಪಳ. ಕಟ್ಟೆಯ ಮೇಲೆ ಇಷ್ಟೊತ್ತಿಗೆ ಯಾರು ಯಾರನ್ನು ಛೇಡಿಸುತ್ತಿರಬಹುದು ಎಂಬ ಲೆಕ್ಕ. ಆಗ ಎದ್ದುಬಿಡುತ್ತಿದ್ದ. ಗಡ್ಡೆಯನ್ನು ಒಂದು ಸುತ್ತು ಹಾಕುತ್ತಿದ್ದ. ಅವನು ಸುತ್ತಿದ ರಭಸಕ್ಕೆ ಗಡ್ಡೆ ಒಂದು ಗೇಣು ಸವೆಯಿತೆಂದು ಅಂಬಿಗರು ಇವತ್ತಿಗೂ ಹೇಳುತ್ತಾರೆ. ನಾನೇ ಅಳೆದಿದ್ದೇನೆ.

ಬಾಳವ್ವನ ಗಂಟಿನಲ್ಲಿ ಅಗಸೆ ಹಿಂಡಿ ಇತ್ತು. ಮನೆ ಬಿಡುವ ದಿನ ತಮ್ಮದೇ ಒಳಕಲ್ಲಿನಲ್ಲಿ, ಅಗಸೆ ಹುರಿದು, ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿದ ಪುಡಿ. ತಿಂದು ತಿಂದು ಹಿಡಿಯಷ್ಟು ಉಳಿದಿತ್ತು. ಅದನ್ನು ಅವಳು ಬಟ್ಟೆಯಲ್ಲಿ ಬಿಗಿದು ಗುಡಿಸಲ ಬಿದಿರಿಗೆ ಕಟ್ಟಿದ್ದಳು. ತಾನೂ ಮುಟ್ಟುತ್ತಿರಲಿಲ್ಲ.

ಗಡ್ಡೆಯ ಊಟವೆಂದರೆ ಗಂಜಿ, ಸುಟ್ಟ ಬದನೆಕಾಯಿ. ಗಂಜಿ ಉಣ್ಣುವಾಗ ಗುರುಪಾದಪ್ಪನ ಕಣ್ಣು ಆ ಗಂಟಿನ ಮೇಲಿರುತ್ತಿತ್ತು. ಬಾಯಲ್ಲಿ ನೀರೂರುತ್ತಿತ್ತು. ‘ಒಂದು ಚಿಟಿಕಿ ಹಾಕು’ ಎಂದರೆ ಮುಗಿದಿತ್ತು. ಆದರೆ ಹಾಗೆಂದರೆ ಊರು ನೆನಪಾಯಿತೆಂದು ಒಪ್ಪಿದಂತೆ. ಮೀಸೆಯ ಗತಿ?

ಹಾಗಾಗಿ ಕದ್ದ. ಬಾಳವ್ವ ಕಟ್ಟಿಗೆ ಆರಿಸಲು ಹೋದಾಗ ಒಂದು ಚಿಟಿಕೆ ತೆಗೆದು ಜಾಲಿ ಮರದ ಹಿಂದೆ ನಿಂತು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಗಂಟಲಿಗೆ ಹತ್ತಿ ಕೆಮ್ಮು ಬಂದರೆ ಹೊಳೆಯ ಗಾಳಿ ಆಗಲಿಲ್ಲ ಎನ್ನುತ್ತಿದ್ದ. ಪ್ರತಿ ಸಲವೂ ನಾಚಿಕೆಯಾಗುತ್ತಿತ್ತು. ನಾಚಿಕೆ ಮರೆಯಲು ಮತ್ತೊಂದು ಚಿಟಿಕೆ ಬೇಕಾಗುತ್ತಿತ್ತು.

ಸಂತೆಯ ದಿನ ಬಂತು. ಆಚೆ ದಂಡೆಯಿಂದ ಹರಿಗೋಲು ಉಪ್ಪು, ಅಕ್ಕಿ ತರುವ ದಿನ. ಬೆಳಗಿನ ಗಂಜಿಯ ಹೊತ್ತಿಗೆ ಗಂಟು ಸೊರಗಿದಂತೆ ಕಂಡು ಬಾಳವ್ವ ಅದನ್ನು ಇಳಿಸಿದಳು. ಬಿಚ್ಚಿದಳು. ಬರೀ ಬಟ್ಟೆ. ಅವಳು ಅದನ್ನು ತಿರುವಿ ಹಾಕಿ ನೋಡಿದಳು.

“ಯಾರು ತಿಂದ್ರು?” ಅಜ್ಜ ಕೇಳಿದರು.

“ಇರಿವಿ ಇರಬೇಕ್ರಿ,” ಎಂದ ಗುರುಪಾದಪ್ಪ.

“ಬೆಳ್ಳುಳ್ಳಿ ಖಾರ ತಿನ್ನೋ ಇರಿವಿ?”

ಅಜ್ಜ ಅವನನ್ನೇ ನೋಡಿದರು. ಗುರುಪಾದಪ್ಪನ ಬಾಯಿ ಅವನಿಗಿಂತ ಮುಂಚೆ ಓಡಿತು.

“ಇಕೀನೇ ತಿಂದಿರಬೇಕ್ರಿ ಅಜ್ಜಾರ. ಊರಿನ ಹುಚ್ಚು, ತಡಕೊಳ್ಳಾಕ ಆಗೂದಿಲ್ಲ ಇಕಿಗೆ.”

ಬಾಳವ್ವ ಗಂಡನ ಮುಖವನ್ನು ನೋಡಿದಳು. ಒಂದು ಗಳಿಗೆ ನೋಡಿದಳು. ಆಮೇಲೆ ಎಂದಿನಂತೆ ತಲೆ ತಗ್ಗಿಸಿದಳು.

“ಹೌದ್ರಿ ಅಜ್ಜಾರ. ನಾನೇ ತಿಂದೆ.”

ಅಜ್ಜ ಆ ಖಾಲಿ ಬಟ್ಟೆಯನ್ನು ಮಡಚಿ ಅವಳ ಕೈಗಿಟ್ಟರು.

“ಇವರ ಸಾಧನೆಗೆ ನಾನೇ ಅಡ್ಡಗಾಲು. ಇವತ್ತು ಹರಿಗೋಲು ಬರತೈತಿ. ನಾ ಒಬ್ಬಾಕಿನ ಊರಿಗೆ ಹೊಕ್ಕೀನಿ. ಇವರು ಇಲ್ಲೇ ಇರಲಿ. ಇವರಿಗೆ ಉಪದೇಶ ಕೊಡ್ರಿ.”

ಗುರುಪಾದಪ್ಪ ಬಾಯಿ ತೆರೆದ. ಮೂರು ಹಳ್ಳಿಗೆ ಕೇಳುವಂತೆ ಮಾತಾಡುತ್ತಿದ್ದ ಬಾಯಿ ಅದು. ಒಂದು ಅಕ್ಷರ ಹೊರಡಲಿಲ್ಲ.

ಬಾಳವ್ವ ಸೀರೆ ಮಡಚತೊಡಗಿದಳು. ಅಜ್ಜ ಕೊಡವನ್ನು ಅವನ ಮುಂದಿಟ್ಟರು.

“ಹಾದ್ಯಾಗ ಆಕಿಗೆ ನೀರು ಬೇಕು. ಒರತಿ ನೀರು ತಾ.”

ಗುರುಪಾದಪ್ಪ ಮರಳಿಗೆ ಹೋದ. ತೋಡಿದ. ತೇವ ಕಂಡಿತು. ಬಳಿಯಲು ಕೈ ಏಳಲಿಲ್ಲ. ಗುಡಿಸಲಿಗೆ ಬೇಗ ಹೋಗಿ ಅವಳ ಮುಖ ನೋಡುವ ಧೈರ್ಯವೂ ಇರಲಿಲ್ಲ. ಕೂತ.

ಮೊದಲ ಸಲ ಕೂತ. ಊರು ಎದ್ದು ಬಂತು. ಅವನು ಏಳಲಿಲ್ಲ.

ತಳದಲ್ಲಿ ನೀರು ಊರಿತು. ಮೊದಲು ರಾಡಿ. ಆಮೇಲೆ ಕಂದು. ಆಮೇಲೆ ಮರಳು ತಾನಾಗಿ ಕೆಳಗಿಳಿದು, ನೀರು ಕನ್ನಡಿಯಾಯಿತು. ಅದರಲ್ಲಿ ಅವನ ಮುಖ. ಮುಖದಲ್ಲಿ ಮೀಸೆ.

ಮೀಸೆಯ ತುಂಬ ಕೆಂಪಗೆ ಅಗಸೆ ಹಿಂಡಿ.

ಅವಳು ಇದನ್ನು ನೋಡಿಯೇ ‘ನಾನೇ ತಿಂದೆ’ ಅಂದಿದ್ದಳು.

ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಬಾಯಿ ಬಿಟ್ಟ ನೆಲ ಮುಂದೆಯೇ ಇತ್ತು. ಆದರೆ ಮೊಳಕಾಲುದ್ದ. ಅಷ್ಟು ಮೀಸೆ ಹಿಡಿಸುವಂತಿರಲಿಲ್ಲ.

ಅವನು ಮುಖ ತೊಳೆಯಲಿಲ್ಲ. ಚಿಪ್ಪಿನಿಂದ ಮೇಲಿನ ತಿಳಿನೀರನ್ನಷ್ಟೇ ತೆಗೆದು ಕೊಡ ತುಂಬಿದ.

ದಂಡೆಗೆ ಬರುವಾಗ ಹರಿಗೋಲು ನಿಂತಿತ್ತು. ಬಾಳವ್ವ ಅದರಲ್ಲಿ ಕೂತಿದ್ದಳು. ಅಂಬಿಗ ಹುಟ್ಟು ಹಿಡಿದಿದ್ದ. ಅಜ್ಜ ನೀರಲ್ಲಿ ಕಾಲು ಬಿಟ್ಟುಕೊಂಡು ಕೂತಿದ್ದರು.

“ನಿಂದ್ರೋ ಅಂಬಿಗಾ!” ಗುರುಪಾದಪ್ಪ ಕೂಗಿದ. “ಹಿಂಡಿ ತಿಂದಾವ ನಾನು. ಊರಿನ ಹುಚ್ಚೂ ನಂದೇ. ಎಲ್ಲಾ ಊರಾಗೂ ಅದನ್ನ ಇಕಿ ತಲಿ ಮ್ಯಾಲೆ ಹೊರಿಸಿದೆ. ಇಕಿ ಹೊತ್ಕೊಂಡು ಬಂದ್ಲು.”

ಅಂಬಿಗ ಕೆಮ್ಮಿ, ನೀರಿನ ಕಡೆ ತಿರುಗಿದ.

ಬಾಳವ್ವ ತಲೆ ಎತ್ತಿದಳು.

“ನಿಮಗಂತನ ಇಟ್ಟಿದ್ದೆ. ಒಮ್ಮೆರ ಬಾಯಿ ಬಿಟ್ಟು ಕೇಳ್ತೀರಿ ಅಂತ ಕಾಯ್ತಿದ್ದೆ.”

“ನಾಚಿಕಿ ಆತು.”

“ಕೇಳಾಕ ನಾಚಿಕಿ. ಕದಿಯಾಕ ಇಲ್ಲ?”

ಈಗ ತಲೆ ತಗ್ಗಿಸಿದವನು ಅವನು. ಹಾಗೇ ನಿಂತಿದ್ದ. ಕೊನೆಗೆ ಅವಳೇ ಹರಿಗೋಲಿನಲ್ಲಿ ಒತ್ತಿ ಕೂತು ಜಾಗ ಬಿಟ್ಟಳು.

“ಬರ್ರಿ. ಮೀಸಿ ಹೆಂಗ ಮಾಡ್ತೀರಿ?”

“ಹಿಂಡಿ ಹತ್ತಿದ ಮೀಸಿ. ಹೋದ್ರ ಹೋಗಲಿ.”

ಒಂದು ಕಾಲು ಹರಿಗೋಲಿನಲ್ಲಿಟ್ಟು ಅವನು ಅಜ್ಜನ ಕಡೆ ತಿರುಗಿದ. ಕೊಡವನ್ನು ಮುಂದೆ ಹಿಡಿದ. ಕಣ್ಣು ಒದ್ದೆಯಾಗಿತ್ತು.

“ಅಜ್ಜಾರ, ಕಾಲೂರಿದ್ದೇ ಊರು ಅಂತ ಎಲ್ಲಾ ಕಡೆ ಸಾರಿಕೊಂಡು ಬಂದೆ. ಅದು ಸುಳ್ಳೇನ್ರಿ?”

ಅಜ್ಜ ಬೊಗಸೆ ಒಡ್ಡಿ ನೀರು ಹಾಕಿಸಿಕೊಂಡರು. ಕುಡಿದರು. ಈ ಸಲ ಗಿಡಕ್ಕೆ ಸುರಿಯಲಿಲ್ಲ. ತಲೆ ಎತ್ತಿ ಅವನ ಕಣ್ಣುಗಳನ್ನು ನೋಡಿದರು.

“ಕಾಲೂರಿದ್ದು ಬಿಡಾರ ತಮ್ಮಾ. ನೀರೂರಿದ್ದು ಊರು.”