ಇಬ್ಬರ ಹರಿಗೋಲು

ಕಪಿಲಾ ಹೊಳೆಯ ದಡದಲ್ಲಿ ಪಶುಪತಯ್ಯ ಅಂತ ಒಬ್ಬ ಮೇಷ್ಟ್ರಿದ್ದರು. ಅವರು ಕಲಿಸುತ್ತಿದ್ದದ್ದು ಲೆಕ್ಕವೂ ಅಲ್ಲ, ಸಂಸ್ಕೃತವೂ ಅಲ್ಲ. ಕಂಪ್ಯೂಟರಿನಲ್ಲಿ ಆಡುವ ಆಟ ಕಟ್ಟುವುದನ್ನು ಕಲಿಸುತ್ತಿದ್ದರು.

ಬಟನ್ ಫೋನಿನ ಕಾಲದಲ್ಲಿ ಅವರು ಮಾಡಿದ ಆಟಗಳನ್ನು ಜನ ಬಸ್ಸಿನಲ್ಲಿ ಕೂತು, ಇಳಿಯುವ ಸ್ಟಾಪು ಮರೆತು ಆಡುತ್ತಿದ್ದರಂತೆ. ಈಗ ಊರಿಗೆ ಬಂದು ಸುಮ್ಮನಿದ್ದರು. ಹುಡುಗರು ಹುಡುಕಿಕೊಂಡು ಬಂದರೆ ಬೇಡ ಅನ್ನುತ್ತಿರಲಿಲ್ಲ.

ಬಂದವರು ಆ ಮನೆಯನ್ನು ಆಶ್ರಮ ಅನ್ನುತ್ತಿದ್ದರು. ಹಾಗೆ ಅಂದವರ ಕೈಗೆ ಮೇಷ್ಟ್ರು ಪೊರಕೆ ಕೊಡುತ್ತಿದ್ದರು. "ಆಶ್ರಮ ಅಂದ್ಯಲ್ಲ, ಗುಡಿಸು."

ಹಾಗೆ ಅಂಗಳ ಗುಡಿಸಿದವರಲ್ಲಿ ಇಬ್ಬರು ಗೆಳೆಯರು. ಒಬ್ಬ ಇಂದುಧರ, ಆಟದ ಒಳಗಿನ ಕೆಲಸವೆಲ್ಲ ಅವನದು. ಇನ್ನೊಬ್ಬ ಯೋಗಾನಂದ, ಚಿತ್ರ ಬರೆಯುವವನು. ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು.

"ಏನು ಆಟ?" ಮೇಷ್ಟ್ರು ಕೇಳಿದರು.

"ಒಂದು ಹರಿಗೋಲು ಮೇಷ್ಟ್ರೇ," ಅಂದ ಇಂದುಧರ. "ಇಬ್ಬರು ಕೂತು ಆಡಬೇಕು. ಒಬ್ಬ ಹುಟ್ಟು ಹಾಕ್ತಾನೆ, ಇನ್ನೊಬ್ಬ ಒಳಗೆ ಬರೋ ನೀರನ್ನ ಮೊಗೆದು ಹೊರಗೆ ಚೆಲ್ಲುತ್ತಾನೆ. ಹೊಂದಿಕೊಂಡ್ರೆ ದಾಟ್ತಾರೆ. ಇಲ್ಲದಿದ್ರೆ ಮುಳುಗ್ತಾರೆ."

"ಇದು ಎಲ್ಲಿಂದ ಬಂತು ನಿಮ್ಮ ತಲೆಗೆ?"

ಯೋಗಾನಂದ ನಕ್ಕ. "ಚಿಕ್ಕವರಿದ್ದಾಗ ಹೇಳದೆ ಕೇಳದೆ ಆಚೆ ದಡಕ್ಕೆ ಹೋಗಿದ್ವಿ. ವಾಪಸ್ಸು ಬರೋವಾಗ ಹರಿಗೋಲಿಗೆ ನೀರು ನುಗ್ತು. ಇವನು ಹುಟ್ಟು ಹಾಕಿದ, ನಾನು ಮೊಗೆದೆ. ಈಚೆ ಮೆಟ್ಟಿಲ ಮೇಲೆ ನಮ್ಮಮ್ಮ ಕಾಯ್ತಾ ನಿಂತಿದ್ಲು. ಇಬ್ಬರಿಗೂ ಸರಿಯಾಗಿ ಮಂಗಳಾರತಿ ಆಯ್ತು."

"ಅಮ್ಮ ನಿಂತಿರೋ ದಡ ತೋರಿಸಿ."

"ಅದಿನ್ನೂ ಮಾಡಿಲ್ಲ ಮೇಷ್ಟ್ರೇ," ಅಂದ ಇಂದುಧರ. "ಈಗಷ್ಟೇ ಹೊಳೆ ಶುರುವಾಗಿದೆ."

"ಮೊದಲು ಅದನ್ನ ಮಾಡಿ. ಎಲ್ಲಿ ಇಳೀಬೇಕು ಅನ್ನೋದಾದ್ರೂ ಗೊತ್ತಿರಲಿ."

ಯೋಗಾನಂದ ಅವತ್ತೇ ಜಗಲಿಯ ಮೇಲೆ ಕೂತು ಬರೆದ. ಕಲ್ಲಿನ ಮೆಟ್ಟಿಲು, ಅದರ ಮೇಲೆ ಒಣಗಲು ಹಾಕಿದ ಬಟ್ಟೆ, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತ ಅಮ್ಮ.

ಮೇಷ್ಟ್ರು ಬಹಳ ಹೊತ್ತು ನೋಡಿದರು. "ಬೈಯೋದಕ್ಕೆ ಮುಂಚೆ ಸಮಾಧಾನ ಆಗಿದೆ ಇವಳಿಗೆ," ಅಂದರು. ಯೋಗಾನಂದನ ಕಣ್ಣು ತುಂಬಿತು. ಅವರ ಬಾಯಲ್ಲಿ ಅಷ್ಟು ಬಂದರೆ ಬಹಳವಾಯಿತು.

ಅಲ್ಲಿಗೆ ದಡ ಸಿದ್ಧವಾಯಿತು. ಉಳಿದದ್ದು ಹೊಳೆ.

ಹೊಳೆಯ ನೀರು ಇಂದುಧರನಿಗೆ ಹಿಡಿಸಲಿಲ್ಲ. ನೀರು ನೀರಿನ ಹಾಗಿಲ್ಲ ಅಂತ ಇಡೀ ಹೊಳೆಯನ್ನು ಮತ್ತೆ ಮಾಡಿದ. ಆ ನೀರಿಗೆ ಹಳೆಯ ಹರಿಗೋಲು ಒಪ್ಪಲಿಲ್ಲ, ಹರಿಗೋಲು ದೊಡ್ಡದು ಮಾಡಿದ. ಅದರಲ್ಲಿ ಕೂತವರು ಸಣ್ಣಗೆ ಕಂಡರು. ಯೋಗಾನಂದ ಅವರನ್ನು ಮತ್ತೆ ಬರೆಯಬೇಕಾಯಿತು. ಹುಟ್ಟು ಎತ್ತುವ ಕೈ, ಇಳಿಸುವ ಕೈ, ನೀರು ಮೊಗೆಯಲು ಬಗ್ಗುವ ಬೆನ್ನು, ಒಂದೊಂದಕ್ಕೂ ಬೇರೆ ಚಿತ್ರ.

"ಇದೇ ಕೊನೇದು ತಾನೇ?" ಯೋಗಾನಂದ ಕೇಳಿದ.

"ಇದೇ ಕೊನೇದು ಕಣೋ. ಶಿವರಾತ್ರಿಗೆ ಮುಗಿಸಿಬಿಡೋಣ."

ಶಿವರಾತ್ರಿ ಬಂತು, ಹೋಯಿತು. ಅಷ್ಟರಲ್ಲಿ ಇಂದುಧರನಿಗೆ ನೀರಿನಲ್ಲಿ ಮೋಡದ ನೆರಳು ಬೀಳಬೇಕು ಅನ್ನಿಸಿತ್ತು. ನೆರಳು ಬಿದ್ದ ಮೇಲೆ ಬಣ್ಣಗಳು ಒಗ್ಗಲಿಲ್ಲ. ಯೋಗಾನಂದ ಮತ್ತೆ ಬರೆದ. ಗೌರಿ ಹಬ್ಬಕ್ಕೆ ಅಂದುಕೊಂಡರು, ಅದೂ ಹೋಯಿತು.

ನನ್ನ ಕೇಳಿದರೆ ಇಂದುಧರನಿಗೆ ಅವತ್ತೇ ಎರಡು ಬಿಗಿಯಬೇಕಿತ್ತು. ಆದರೆ ಮೇಷ್ಟ್ರು ಹಾಗೆ ಮಾಡುವವರಲ್ಲ. ಅವರು ಇಬ್ಬರನ್ನೂ ಊಟಕ್ಕೆ ಕರೆದರು.

ಅಕ್ಕಿರೊಟ್ಟಿ ಬೆಂದಿತ್ತು. ಯೋಗಾನಂದನಿಗೆ ಕಾಯಿ ತುರಿಯಲು ಹೇಳಿ, ಮೇಷ್ಟ್ರು ಒರಳಿನಲ್ಲಿ ಚಟ್ನಿ ರುಬ್ಬಿದರು. ನಾಲಗೆಗೆ ಹಚ್ಚಿಕೊಂಡು ನೋಡಿ, "ಉಹೂಂ," ಅಂತ ಎಲ್ಲವನ್ನೂ ಬಾಚಿ ಕಸದ ತೊಟ್ಟಿಗೆ ಹಾಕಿದರು.

"ಇನ್ನೊಂದು ಕಾಯಿ ತುರಿ ಯೋಗಿ."

ಅವನು ತುರಿದ. ಅವರು ರುಬ್ಬಿದರು. ನೆಕ್ಕಿ ನೋಡಿ ಮತ್ತೆ ಎಸೆದರು.

"ಇನ್ನೊಂದು ತುರಿಯಪ್ಪ."

ಆಗ ಯೋಗಾನಂದನಿಗೆ ನಗು ಬಂತು. ಮೇಷ್ಟ್ರ ಮುಖ ನೋಡಿದ. ನಗು ನಿಂತಿತು. ತುರಿಯುವ ಮಣೆಯನ್ನು ಪಕ್ಕಕ್ಕೆ ಸರಿಸಿ, ರೊಟ್ಟಿಯನ್ನು ಬರೀ ಉಪ್ಪು ಹಚ್ಚಿಕೊಂಡು ತಿಂದ.

ರೊಟ್ಟಿ ತಣ್ಣಗಾಗಿ ಚರ್ಮದ ಹಾಗಾಗಿತ್ತು. ಇಂದುಧರ ಬಹಳ ಯೋಚನೆ ಮಾಡಿ ಹೇಳಿದ.

"ಒಂದು ಮಿಕ್ಸಿ ತಗೊಳ್ಳಿ ಮೇಷ್ಟ್ರೇ. ಬೇಗ ಆಗತ್ತೆ."

ಮೇಷ್ಟ್ರು ಕೈ ತೊಳೆದುಕೊಂಡರು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಯೋಗಾನಂದನ ತಾಯಿ ಹಾಸಿಗೆ ಹಿಡಿದರು.

"ಇಂದು, ಒಂದು ಮಾತು," ಅಂದ ಯೋಗಾನಂದ. "ಅಮ್ಮನಿಗೆ ಆಟ ತೋರಿಸ್ಬೇಕು ಕಣೋ. ಹರಿಗೋಲು ಬರೋದು, ತಾನು ಮೆಟ್ಟಿಲ ಮೇಲೆ ನಿಂತಿರೋದು. ನಾವಿಬ್ರೂ ಅವಳ ಎದುರಿಗೇ ಆಡೋಣ. ಹಳೇ ನೀರೇ ಇರಲಿ ಬಿಡು."

"ಹಳೇ ನೀರು ತೋರಿಸಿದ್ರೆ ಮಾನ ಹೋಗತ್ತೆ. ಸ್ವಲ್ಪ ತಡಿ, ಸುಳಿ ಒಂದು ಸರಿಹೋಗ್ಲಿ."

"ಅವಳಿಗೆ ಸುಳಿ ಯಾಕೋ?"

"ಅವಳಿಗಲ್ಲ. ಆಟಕ್ಕೆ ಬೇಕು."

ಸುಳಿ ಸರಿಹೋಯಿತು. ಬಹಳ ಚೆನ್ನಾಗಿ ಬಂತು, ನೋಡಿದರೆ ತಲೆ ತಿರುಗುವಷ್ಟು. ಅಷ್ಟು ಹೊತ್ತಿಗೆ ಆ ತಾಯಿಯ ವೈಕುಂಠ ಸಮಾರಾಧನೆಯೂ ಮುಗಿದಿತ್ತು.

ಯೋಗಾನಂದ ಜಗಳ ಮಾಡಲಿಲ್ಲ. ಚಾಮರಾಜನಗರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಸೇರಿಕೊಂಡ. ಹೋಗುವ ಮುಂಚೆ ಬಂದು ಹೇಳಿ ಹೋದ.

"ಕೈ ಸೋತಿದೆ ಕಣೋ. ಬರೆದದ್ದು ಉಳಿಯೋ ಕಡೆ ಸ್ವಲ್ಪ ದಿನ ಇರ್ತೀನಿ."

ಇಂದುಧರನಿಗೆ ಸಿಟ್ಟು ಬಂತು. ಮೇಷ್ಟ್ರ ಹತ್ತಿರ ಬಂದು ಕೂತ.

"ನಡುನೀರಲ್ಲಿ ಕೈಬಿಟ್ಟ ಮೇಷ್ಟ್ರೇ."

"ಹೋಗಿ ಕರಿ. ಬರ್ತಾನೆ."

"ಮುಗಿಸಿ ಕರೀತೀನಿ. ಮುಗಿದದ್ದನ್ನ ನೋಡಿದ್ರೆ ಎಲ್ಲಾ ಮರೀತಾನೆ. ಅವನಿಗೋಸ್ಕರವೇ ಮುಗಿಸ್ತೀನಿ."

"ಅವನಿಗೋಸ್ಕರ?"

"ಇನ್ಯಾರಿಗೆ? ಅವನಿಲ್ಲದೆ ನನಗೆ ಯಾರಿದಾರೆ?"

ಅದು ಸುಳ್ಳಲ್ಲ. ಅವನಿಗೆ ಇದ್ದದ್ದು ಅದೊಂದು ಆಟ, ಆ ಒಬ್ಬ ಗೆಳೆಯ.

ಆಮೇಲೆ ಇಂದುಧರ ನಿಜವಾಗಿಯೂ ಮುಗಿಸಲು ಕೂತ. ನೀರನ್ನು ಮುಟ್ಟಲಿಲ್ಲ. ಬಂಡೆಗಳನ್ನು ಇಟ್ಟ, ತಿರುವುಗಳನ್ನು ಜೋಡಿಸಿದ. ಮೇಷ್ಟ್ರಿಗೂ ಸಮಾಧಾನವಾಯಿತು, ದಾರಿಗೆ ಬಂದ ಅಂತ.

ಒಂದು ಬೆಳಗ್ಗೆ ಅವರು ಅವನ ಕೋಣೆಗೆ ಹೋದರು. ಇಂದುಧರ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಎಡ ತೊಡೆಯ ಮೇಲೆ ಆಟ ಆಡಿಸುವ ಒಂದು ಕಂಟ್ರೋಲರ್, ಬಲ ತೊಡೆಯ ಮೇಲೆ ಇನ್ನೊಂದು. ಬಲಗೈ ಹುಟ್ಟು ಹಾಕುತ್ತಿತ್ತು, ಎಡಗೈ ನೀರು ಮೊಗೆಯುತ್ತಿತ್ತು.

"ಇದೇನಯ್ಯ?"

"ಆಡಿ ನೋಡ್ಬೇಕಲ್ಲ ಮೇಷ್ಟ್ರೇ, ಎಲ್ಲಿ ಕಷ್ಟ ಇದೆ, ಎಲ್ಲಿ ಸುಲಭ ಇದೆ ಅಂತ. ಜೊತೆಗೆ ಯಾರೂ ಇಲ್ಲ. ಒಬ್ಬನೇ ಅಭ್ಯಾಸ ಮಾಡ್ಕೊಂಡೆ."

"ಪಕ್ಕದ ಮನೆಯವರನ್ನ ಕರಿ. ನನ್ನ ಕರಿ."

"ಬೇಡಿ. ಬೇರೆಯವರು ಕೂತ್ರೆ ಬರೀ ಮುಳುಗಿಸ್ತಾರೆ, ಕೆಲಸ ಸಾಗಲ್ಲ. ನಂಗೆ ಈಗ ಎಷ್ಟು ಸಲೀಸಾಗಿದೆ ಅಂದ್ರೆ, ಆಟ ತೀರಾ ಸುಲಭ ಅನ್ನಿಸ್ತಿದೆ. ನೀರಿನ ಸೆಳೆತ ಸ್ವಲ್ಪ ಜಾಸ್ತಿ ಮಾಡಿದೀನಿ."

ಮೇಷ್ಟ್ರು ಅವನ ಎರಡೂ ಕೈ ನೋಡಿದರು. ಒಂದು ಇಳಿಯುವಾಗ ಒಂದು ಏಳುತ್ತಿತ್ತು.

"ನಿನ್ನ ಎಡಗೈ ಯಾವತ್ತಾದ್ರೂ ಬಲಗೈ ಜೊತೆ ಮಾತು ಬಿಟ್ಟಿದೆಯಾ?"

"ಕೈ ಹೆಂಗೆ ಮಾತು ಬಿಡತ್ತೆ ಮೇಷ್ಟ್ರೇ?"

"ಹಾಗಾದ್ರೆ ಈ ಆಟವನ್ನ ಇನ್ನೂ ಯಾರೂ ಆಡಿಲ್ಲ."

ಇಂದುಧರ ನಕ್ಕು, ಪರದೆಯ ಕಡೆ ತಿರುಗಿದ. ವಯಸ್ಸಾದವರ ಮಾತು ಅಂದುಕೊಂಡಿರಬೇಕು. ಆ ವಾರ ಸೆಳೆತವನ್ನು ಇನ್ನೂ ಸ್ವಲ್ಪ ಜಾಸ್ತಿ ಮಾಡಿದ.

ಕೊನೆಗೂ ಆಟ ಮುಗಿಯಿತು. ಹೇಳಿದ ಮಾತಿನಂತೆ ಯೋಗಾನಂದನಿಗೆ ಫೋನ್ ಮಾಡಿದ.

ಯೋಗಾನಂದ ಭಾನುವಾರದ ಮೊದಲ ಬಸ್ಸಿಗೇ ಬಂದ. ಮೇಷ್ಟ್ರಿಗೆ ಒಂದು ಚಿಪ್ಪು ಬಾಳೆಹಣ್ಣು ತಂದಿದ್ದ. ಸ್ವಲ್ಪ ದಪ್ಪಗಾಗಿದ್ದ. ಗೆಳೆಯರಿಬ್ಬರೂ ಒಬ್ಬರನ್ನೊಬ್ಬರು ನೋಡಿ, ಬಿಸಿಲಿನ ವಿಚಾರ ಮಾತಾಡಿದರು. ಇಬ್ಬರಿಗೂ ಸಂತೋಷವಾಗಿತ್ತು. ಅದು ನೋಡಿದವರಿಗೆ ಗೊತ್ತಾಗುತ್ತಿತ್ತು.

ಜಗಲಿಯ ಮೇಲೆ ಚಾಪೆ ಹಾಸಿ, ಲ್ಯಾಪ್‌ಟಾಪ್ ಇಟ್ಟರು. ಮೇಷ್ಟ್ರು ಹಿಂದೆ ಕಂಬಕ್ಕೆ ಒರಗಿ ಕೂತರು.

"ಅಮ್ಮ ನಿಂತಿರೋ ದಡ ಇದೆಯೇನೋ?" ಯೋಗಾನಂದ ಮೆಲ್ಲಗೆ ಕೇಳಿದ. "ಅದನ್ನೂ ಬದಲಾಯಿಸಿದ್ಯಾ?"

"ಇಲ್ಲ ಕಣೋ. ಅದೊಂದನ್ನ ಮುಟ್ಟಿಲ್ಲ. ನೀನು ಬರೆದ ಹಾಗೇ ಇದೆ."

"ನನ್ನ ಹತ್ರ ಅದರ ಪ್ರತಿ ಇಲ್ಲ. ನೋಡಿ ಎಷ್ಟು ಕಾಲ ಆಯ್ತು." ಯೋಗಾನಂದ ಕಂಟ್ರೋಲರ್ ಎತ್ತಿಕೊಂಡ. "ನಡಿ. ನಾವೇ ಹೋಗೋಣ ಅವಳ ಹತ್ರ."

ಇಂದುಧರ ಹುಟ್ಟು ಹಾಕಿದ, ಯೋಗಾನಂದ ಮೊಗೆದ. ಮೊದಲನೇ ತಿರುವಿಗೇ ನೀರು ತುಂಬಿ ಹರಿಗೋಲು ಮುಳುಗಿತು.

ಇಬ್ಬರೂ ನಕ್ಕರು. ಮತ್ತೆ ಹೊರಟರು. ಮತ್ತೆ ಮುಳುಗಿತು.

"ನೀನು ತಡ ಮಾಡ್ತೀಯ," ಅಂದ ಇಂದುಧರ. "ನಾನು ಹುಟ್ಟು ಇಳಿಸೋಕೆ ಮುಂಚೆಯೇ ನೀನು ಬಗ್ಗಿರಬೇಕು."

"ನೀನು ಯಾವಾಗ ಇಳಿಸ್ತೀಯ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

"ಗೊತ್ತಾಗತ್ತೆ. ಗಮನ ಇಡು."

ಯೋಗಾನಂದ ಬೆವರು ಒರೆಸಿಕೊಂಡು ಗಮನ ಇಟ್ಟ. ಮುಳುಗಿತು. ಮೇಷ್ಟ್ರು ಹಿಂದಿನಿಂದ ಹೇಳಿದರು. "ಸೆಳೆತ ಕಡಿಮೆ ಮಾಡಯ್ಯ ಇಂದುಧರ."

"ಆಟ ಸರಿಯಾಗಿದೆ ಮೇಷ್ಟ್ರೇ. ಇವನ ಕೈ ಓಡ್ತಿಲ್ಲ."

ಆಮೇಲೆ ಯಾರೂ ನಗಲಿಲ್ಲ. ಒಂದು ಸಲ ಮಾತ್ರ ಹೇಗೋ ನಡುಹೊಳೆಯವರೆಗೆ ಹೋದರು. ಪರದೆಯ ಅಂಚಿನಲ್ಲಿ, ಬಹಳ ದೂರದಲ್ಲಿ, ಮೆಟ್ಟಿಲ ಮೇಲೆ ಚುಕ್ಕೆಯಷ್ಟು ಬಣ್ಣ ಕಂಡಿತು. ಅಮ್ಮನ ಸೀರೆಯ ಬಣ್ಣ.

"ಅಗೋ," ಅಂದ ಯೋಗಾನಂದ. ಒಂದು ಕ್ಷಣ ಕೈ ನಿಂತಿತು. ಹರಿಗೋಲು ಮುಳುಗಿತು.

"ಥೂ, ಬಂದುಬಿಟ್ಟಿದ್ವಲ್ಲೋ," ಅಂದ ಇಂದುಧರ.

"ಇನ್ನೊಂದ್ಸಲ. ಈ ಸಲ ಬಿಡಲ್ಲ ನಾನು."

"ಕೊಡಿಲ್ಲಿ."

"ಏನು?"

"ಕೊಡೋ. ಹೆಂಗೆ ಅಂತ ತೋರಿಸ್ತೀನಿ."

ಇಂದುಧರ ಯೋಗಾನಂದನ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡು, ಎಡ ತೊಡೆಯ ಮೇಲೆ ಇಟ್ಟುಕೊಂಡ. ತನ್ನದನ್ನು ಬಲಕ್ಕೆ ಸರಿಸಿದ.

ಹರಿಗೋಲು ಹೊರಟಿತು. ಎಷ್ಟು ಚೆನ್ನಾಗಿ ಹೋಯಿತು ಅಂದರೆ, ಅವನ ಮೇಲೆ ಸಿಟ್ಟಿದ್ದ ನನಗೂ ಅದನ್ನು ಹೇಳದೆ ಇರಲು ಆಗುವುದಿಲ್ಲ. ಸುಳಿಯ ಅಂಚಿನಲ್ಲಿ ಸುತ್ತಿ ಬಂತು, ಬಂಡೆಗಳ ಸಂದಿಯಲ್ಲಿ ನುಸುಳಿತು, ಮೋಡದ ನೆರಳು ದಾಟಿತು. ಇಂದುಧರ ಪಕ್ಕಕ್ಕೆ ತಿರುಗಿ ನೋಡಲಿಲ್ಲ.

ಯೋಗಾನಂದ ಖಾಲಿ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದ. ಮೆಟ್ಟಿಲು ಹತ್ತಿರವಾಯಿತು. ಒಣಗಲು ಹಾಕಿದ ಬಟ್ಟೆ ಕಂಡಿತು. ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತ ಅಮ್ಮ ಕಂಡಳು.

ಹರಿಗೋಲು ಇನ್ನೇನು ಮೆಟ್ಟಿಲು ಮುಟ್ಟಬೇಕು, ಅಷ್ಟರಲ್ಲಿ ಅವನು ಎದ್ದ.

"ಬಸ್ಸಿದೆ ಮೇಷ್ಟ್ರೇ," ಅಂದ. ಕಾಫಿ ಕುಡಿದ ಲೋಟವನ್ನು ನೀರಿನ ತೊಟ್ಟಿಯ ಹತ್ತಿರ ತೊಳೆದು, ಬೋರಲು ಹಾಕಿ, ಮೇಷ್ಟ್ರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಇಂದುಧರನ ಹೆಗಲ ಮೇಲೆ ಒಂದು ಸಲ ಕೈ ಇಟ್ಟ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಆ ಕೈ ಬಿದ್ದದ್ದು ಇಂದುಧರನಿಗೆ ಗೊತ್ತಾಯಿತೋ ಇಲ್ಲವೋ. ಅವನ ಮುಖ ಕೆಂಪಾಗಿತ್ತು. ಪರದೆಯ ಮೇಲೆ ಹರಿಗೋಲು ಮೆಟ್ಟಿಲಿಗೆ ತಾಗಿ ನಿಂತಿತು. ಅಷ್ಟು ವರ್ಷದ ಕೆಲಸ.

"ದಡ ಮುಟ್ತು ಮೇಷ್ಟ್ರೇ," ಅಂದ. "ನೋಡಿದ್ರಾ? ಮುಟ್ತು."

ಮೇಷ್ಟ್ರು ಕಂಬ ಬಿಟ್ಟು ಎದ್ದು ಬಂದರು. ಅವನ ಎಡ ತೊಡೆಯ ಮೇಲಿದ್ದ ಕಂಟ್ರೋಲರನ್ನು ಎತ್ತಿ, ಯೋಗಾನಂದ ಕೂತಿದ್ದ ಜಾಗದಲ್ಲಿ, ಖಾಲಿ ಚಾಪೆಯ ಮೇಲೆ ಇಟ್ಟರು.

"ಮುಟ್ತು ಕಣಯ್ಯ. ಇಳಿದವರು ಯಾರು?"